ಕಳವಾ ಸಿಗ್ನಲ್ಲಿನ ಪಾಠ

ಅಗಲವಾದ ಅಂಗೈ, ಕೊಬ್ಬರಿ ಎಣ್ಣೆಯ ತೆಳು ವಾಸನೆ, ಮಣಿಕಟ್ಟಿನ ಒಳಭಾಗಕ್ಕೆ ಮುಖ ತಿರುಗಿಸಿ ಕಟ್ಟಿದ ಗಡಿಯಾರ. ಆಂಟಿಯ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಆ ಕೈ. ಲೋಕಲ್ ಗಾಡಿ ಸ್ಟೇಷನ್ ಹತ್ತಿರ ನಿಧಾನವಾದ ಕೂಡಲೇ ಅದು ಬಂದು ನನ್ನ ಪುಸ್ತಕದ ಪುಟದ ಮೇಲೆ ಕೂರುತ್ತಿತ್ತು. ಒಂದಕ್ಷರವೂ ಕಾಣುತ್ತಿರಲಿಲ್ಲ.

"ಈಗ ಹೇಳು ನೋಡುವ. ಎಂತ ಓದಿದ್ದು?"

ನಾನು ಹತ್ತನೇ ತರಗತಿಗೆ ಬಂದ ವರ್ಷ, ಬಾಡಿಗೆ ಹೆಚ್ಚಾಯಿತೆಂದು ಅಪ್ಪ ಠಾಣೆ ಶಹರದ ಮನೆ ಬಿಟ್ಟು ಲೋಕಲ್ ಲೈನಿನಲ್ಲಿ ಎಷ್ಟೋ ಸ್ಟೇಷನ್ ಆಚೆಯ ವಿಠ್ಠಲವಾಡಿಗೆ ಬಂದರು. ಶಾಲೆ ಬದಲಿಸುವ ಹಾಗಿರಲಿಲ್ಲ. ಸಂಜೆ ಗೆಳತಿಯರೆಲ್ಲ ಒಟ್ಟಿಗೆ ಮನೆಯ ಕಡೆ ನಡೆದರೆ ನಾನೊಬ್ಬಳೇ ಸ್ಟೇಷನ್ನಿನ ದಾರಿ ಹಿಡಿಯುತ್ತಿದ್ದೆ. ಅಪ್ಪ ಅಮ್ಮ ಇಬ್ಬರೂ ರಬಾಳೆಯ ಕಾರ್ಖಾನೆಗೆ ನಾನು ಏಳುವ ಮೊದಲೇ ಹೊರಟು ರಾತ್ರಿಯೇ ಮರಳುತ್ತಿದ್ದರು. ಖಾಲಿ ಮನೆಯಲ್ಲಿ ಎಷ್ಟು ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಫೇಲಾದೆ. ಬೋರ್ಡ್ ಪರೀಕ್ಷೆಯಲ್ಲೂ ಹೀಗೇ ಆದರೆ ಓದು ಬಿಡಿಸಿ ವಿಜಯಪುರಕ್ಕೆ, ಅಜ್ಜಿಯ ಹತ್ತಿರ ಕಳಿಸುವುದೆಂದು ಮನೆಯಲ್ಲಿ ಮಾತಾಯಿತು.

ಒಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ಹೆಂಗಸರ ಡಬ್ಬಿಯಲ್ಲಿ ನಾನು ಉರು ಹೊಡೆಯುತ್ತ ಕೂತಿದ್ದೆ. ಕಲ್ಯಾಣ ಸ್ಟೇಷನ್ನಿನಲ್ಲಿ ಹತ್ತಿದ ಆಂಟಿ, ಪುಸ್ತಕದ ಮೇಲಿನ ನನ್ನ ಹೆಸರು ಓದಿ ಕನ್ನಡದಲ್ಲಿ ಮಾತಾಡಿಸಿದರು. ಉಡುಪಿ ಕಡೆಯವರು. ಠಾಣೆಯಲ್ಲಿ ಯಾವುದೋ ಆಫೀಸು, ಕಲ್ಯಾಣದಲ್ಲಿ ಒಬ್ಬರೇ ವಾಸ. ಮರುದಿನದಿಂದ ಅವರಿಗೆಂದು ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಡತೊಡಗಿದೆ. ಹೆಸರು ಕೇಳಬೇಕೆಂದು ಹೊಳೆಯಲೇ ಇಲ್ಲ.

ಎರಡು ಸ್ಟೇಷನ್ನುಗಳ ನಡುವೆ ಓದಬೇಕು, ಗಾಡಿ ನಿಂತಾಗ ಪುಸ್ತಕ ನೋಡದೆ ಹೇಳಬೇಕು, ಅದೂ ಕನ್ನಡದಲ್ಲಿ. ಇದು ಅವರ ಕಟ್ಟಳೆ. ಇಂಗ್ಲಿಷಿನಲ್ಲಿ ಗಟ್ಟಿ ಮಾಡಿದ ಸಾಲುಗಳು ಕನ್ನಡಕ್ಕೆ ಬರಲು ಸುತಾರಾಂ ಒಪ್ಪುತ್ತಿರಲಿಲ್ಲ. ಅರ್ಥವಾಗದೆ ಬಾಯಿ ತೆರೆಯುವಂತೆಯೇ ಇರಲಿಲ್ಲ. ಠಾಣೆಗೆ ಮುಂಚಿನ ಕಳವಾ ಬಳಿ ಗಾಡಿ ಸಿಗ್ನಲ್ಲಿಗೆ ಸುಮ್ಮನೆ ನಿಂತರೆ ಹೊಸದೇನೂ ಓದುವಂತಿಲ್ಲ. ಸಿಗ್ನಲ್ ಇರುವುದು ನಿನ್ನೆಯ ಪಾಠಕ್ಕೆ ಎನ್ನುತ್ತಿದ್ದರು. ಡಬ್ಬಿಯವರೆಲ್ಲ ರೈಲ್ವೆಗೆ ಹಿಡಿಶಾಪ ಹಾಕುತ್ತಿದ್ದರೆ ನಾನು ನಿನ್ನೆಯ ಮಸೂರ, ಮೊನ್ನೆಯ ಆಮ್ಲಗಳನ್ನು ಹುಡುಕಿ ತೆಗೆಯುತ್ತಿದ್ದೆ. ಗಾಡಿ ಇನ್ನಷ್ಟು ಹೊತ್ತು ನಿಲ್ಲಲಿ ಎಂದು ಬಯಸಿದ ಪ್ರಯಾಣಿಕಳು ಈ ಲೈನಿನಲ್ಲಿ ನಾನೊಬ್ಬಳೇ ಇರಬೇಕು. ಠಾಣೆ ಬಂತೆಂದರೆ ಪಾಠ ಮುಗಿಯಿತು, ಸಂಜೆಗೆ ಮತ್ತೆ ಮಾತಿಲ್ಲದ ಮನೆ.

ಬೋರ್ಡಿಗೆ ಮುಂಚೆ ಶಾಲೆಯಲ್ಲೇ ನಡೆಯುವ ಪ್ರಿಲಿಮ್ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಿ, ಬೆಳಿಗ್ಗೆ ಅವರ ಮುಂದೆ ಒಂದು ಸಾಲೂ ಬಾರದೆ ಅತ್ತುಬಿಟ್ಟೆ.

"ಎಲ್ಲಾ ಮರತೈತ್ರಿ ಆಂಟಿ. ನನ್ನ ಊರಿಗೆ ಕಳಸ್ತಾರ."

"ನಿದ್ದೆ ಬಿಟ್ಟದ್ದಲ್ವಾ, ಅದಕ್ಕೇ. ಪುಸ್ತಕ ಒಳಗಿಡು ಮಾರಾಯ್ತಿ, ಮಲಗು. ಠಾಣೆ ಬಂದರೆ ನಾನು ಎಬ್ಬಿಸ್ತೇನೆ."

ಅವರ ಹೆಗಲಿಗೆ ತಲೆಯಿಟ್ಟು ಮಲಗಿದೆ. ಆ ಪೇಪರು ಹೇಗೋ ದಾಟಿತು.

ಆ ವರ್ಷದ ದೀಪಾವಳಿಯಿಂದಲೇ ಅವರ ಕೈಯಲ್ಲಿ ಗಡಿಯಾರ ಇರಲಿಲ್ಲ. ಕೆಟ್ಟಿರಬೇಕು ಅಂದುಕೊಂಡಿದ್ದೆ.

ಬೋರ್ಡಿನ ಕೊನೆಯ ಪೇಪರಿನ ದಿನ, ರಿಸಲ್ಟ್ ಬಂದ ಮರುದಿನವೇ ಇದೇ ಗಾಡಿಯಲ್ಲಿ ಬಂದು ಹೇಳುತ್ತೇನೆ ಎಂದೆ. ನಕ್ಕು ತಲೆ ಸವರಿದರು. ಪಾಸಾದೆ, ವಿಜ್ಞಾನದಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ. ಮರುದಿನ ಗಾಡಿ ಹತ್ತಿ, ಸೀಟಿನ ಮೇಲೆ ಚೀಲವಿಟ್ಟು ಕಾದೆ. ಕಲ್ಯಾಣದಲ್ಲಿ ಅವರು ಹತ್ತಲಿಲ್ಲ. ದಿನವೂ ನಮ್ಮೆದುರು ಕೂರುತ್ತಿದ್ದ ಮರಾಠಿ ಹೆಂಗಸನ್ನು ಕೇಳಿದೆ.

"ತ್ಯಾ ತರ್ ದಿವಾಳೀಲಾಚ್ ರಿಟಾಯರ್ ಝಾಲ್ಯಾ," ಎಂದರು ಆಕೆ.

ದೀಪಾವಳಿಗೇ ನಿವೃತ್ತರಾಗಿದ್ದರು. ಆಮೇಲೂ ದಿನವೂ ಠಾಣೆಯವರೆಗೆ ಬಂದು, ನಾನು ಶಾಲೆಯ ಕಡೆ ತಿರುಗಿದ ಮೇಲೆ ಸೇತುವೆ ದಾಟಿ ಕಲ್ಯಾಣದ ಗಾಡಿ ಹಿಡಿಯುತ್ತಿದ್ದರಂತೆ. ಯಾಕೆಂದು ಆ ಮರಾಠಿ ಹೆಂಗಸು ಕೇಳಿದ್ದಕ್ಕೆ, ಮನೆಯಲ್ಲಿ ಮಾತಾಡಲಿಕ್ಕೆ ಯಾರಿದ್ದಾರೆ ಎಂದಿದ್ದರಂತೆ. ನನ್ನ ಪರೀಕ್ಷೆ ಮುಗಿದ ಮೇಲೆ ತಮ್ಮ ಊರಿಗೆ ಹೋಗಿಬಿಟ್ಟಿದ್ದರು. ಆಕೆಯ ಬಳಿಯಿದ್ದ ನಂಬರಿಗೆ ಅಲ್ಲೇ ಫೋನ್ ಮಾಡಿಸಿದೆ. ಫೋನು ಸಿಗಲಿಲ್ಲ, ಆಮೇಲೂ ಎಂದೂ ಸಿಗಲಿಲ್ಲ. ಯಾರೋ ಸೀಟು ಕೇಳಿದರು. ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಈಗ ಕೆಲಸಕ್ಕೆ ಅದೇ ಲೈನಿನಲ್ಲಿ ಹೋಗುತ್ತೇನೆ. ಗಾಡಿ ಕಳವಾ ಬಳಿ ನಿಂತರೆ ಫೋನು ಒಳಗಿಟ್ಟು, ಕಿಟಕಿಯ ಕಡೆ ತಿರುಗಿ, ನಿನ್ನೆ ಕಲಿತದ್ದನ್ನು ಮೆಲ್ಲಗೆ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಅಕ್ಕಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಪಾಸಾದೆನೆಂದು ಮಾತ್ರ ಆಂಟಿಗೆ ಇನ್ನೂ ಹೇಳಿಲ್ಲ.