ನೂರೈವತ್ತು ಎಲೆ, ನೂರೈವತ್ತು ಜನ

ನಮ್ಮ ಬದಿಯಲ್ಲಿ ಹಾಲ್ ಎಷ್ಟು ದೊಡ್ಡದು ಅಂತ ಕೇಳಿದರೆ ಯಾರೂ ಅಡಿಯ ಲೆಕ್ಕ ಹೇಳುವುದಿಲ್ಲ, ಎಲೆಯ ಲೆಕ್ಕ ಹೇಳುತ್ತಾರೆ. ಒಂದು ಪಂಕ್ತಿಗೆ ಎಷ್ಟು ಬಾಳೆಲೆ ಬೀಳುತ್ತದೋ ಅಷ್ಟೇ ಹಾಲ್. ಬೀಜಾಡಿಯಲ್ಲಿ ಅಂಗಡಿಗಳ ಮೇಲೆ ಅಪ್ಪಯ್ಯ ಕಟ್ಟಿಸಿದ ಹಾಲ್ ನೂರೈವತ್ತು ಎಲೆಯದ್ದು. ಹತ್ತಿಳಿಯಲು ಒಂದೇ ಮೆಟ್ಟಿಲು, ಅದರಲ್ಲೂ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು.

ತಂಗಿಯ ಮದುವೆ ಅಲ್ಲೇ ಅಂತಾದಾಗ ನಾನು ಟೇಪ್ ಹಿಡಿದು ಹೋದೆ. ಓದಿದ್ದು ಸಿವಿಲ್ ಎಂಜಿನಿಯರಿಂಗ್, ಬಾಯಿ ಸುಮ್ಮನಿರುವುದಿಲ್ಲ. ನೆಲ, ಬಾಗಿಲು, ಮೆಟ್ಟಿಲಿನ ಅಗಲ ಎಲ್ಲ ಅಳೆದೆ. ಬೆಂಕಿಗಿಂಕಿ ಅಂತಾದರೆ ಎಷ್ಟು ಜನ ಬೇಗ ಇಳಿಯಬಹುದು ಅಂತ ಲೆಕ್ಕ ಹಾಕಿ ಹೇಳಿದೆ, "ನೂರೈವತ್ತ್, ಅಪ್ಪಯ್ಯ."

"ಮತ್ತೆಂತ? ನಾ ಹೇಳಿದ್ದೂ ಅದೇ ಅಲ್ದಾ!" ಅಪ್ಪಯ್ಯನಿಗೆ ಖುಷಿಯೋ ಖುಷಿ.

"ನೀವ್ ಹೇಳಿದ್ ಎಲೆ, ನಾ ಹೇಳಿದ್ ಜನ. ಎಲೆ ಹಿಂದೆ ನಿಂತವ್ರ್ ಜನ ಅಲ್ದಾ?"

ಉಣ್ಣುವವರ ಕುರ್ಚಿ ಹಿಡಿದು ಮುಂದಿನ ಪಂಕ್ತಿಯವರು ಬೆನ್ನ ಹಿಂದೆ ನಿಲ್ಲುವುದು ನಮ್ಮಲ್ಲಿ ತಪ್ಪಲ್ಲ, ಜಾಣತನ. ಒಂದು ಎಲೆಗೆ ಎರಡು ಜೀವ. ಅಪ್ಪಯ್ಯನ ಮುಖ ಇಳಿಯಿತು. ಮದುವೆಯ ಕಾಗದ ಆಗಲೇ ಊರಿಡೀ ಹಂಚಿಯಾಗಿತ್ತು.

"ಬಂದವ್ರನ್ ಬಾಗ್ಲಗೆ ನಿಲ್ಸುಕ್ ಆತ್ತಾ ಹೆಣೆ? ಮರ್ಯಾದಿ ಎಂತ ಉಳೀತ್?"

ಸಿಟ್ಟಲ್ಲ, ಸ್ವರ ನಡುಗುತ್ತಿತ್ತು. ಆದರೂ ನಾನು ಬಿಡಲಿಲ್ಲ. ಕಡೆಗೆ ಊಟ ಕೆಳಗೆ ಚಪ್ಪರದಲ್ಲಿ, ಧಾರೆ ಮಾತ್ರ ಮೇಲೆ ಅಂತಾಯಿತು. ಪುರೋಹಿತರು, ಓಲಗದವರು, ಫೋಟೋದವ ಎಲ್ಲ ಸೇರಿ ನೂರೈವತ್ತೇ ತಲೆ. ಮೆಟ್ಟಿಲ ಬುಡದಲ್ಲಿ ಸ್ಟೂಲ್ ಹಾಕಿಕೊಂಡು ಎಣಿಸುವ ಕೆಲಸ ನನ್ನದು.

ಮುಹೂರ್ತಕ್ಕೆ ಹತ್ತು ನಿಮಿಷ ಇತ್ತು. ಮೇಲೆ ನೂರನಲವತ್ತೊಂಬತ್ತು ಮಂದಿ, ಉಳಿದ ಒಂದು ಜಾಗ ನನ್ನದು. ಸೀರೆಯ ನೆರಿಗೆ ಎತ್ತಿಕೊಂಡು ಹೊರಡುವಷ್ಟರಲ್ಲಿ ರಿಕ್ಷಾದಿಂದ ದೊಡ್ಡತ್ತೆ ಇಳಿದರು. ಅಪ್ಪಯ್ಯನ ಅಕ್ಕ. ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ತಂಗಿಯನ್ನು ಸೊಂಟದಿಂದ ಇಳಿಸದೆ ಸಾಕಿದವರು. ಕಿರಿಮಂಜೇಶ್ವರದಲ್ಲಿ ಬಸ್ಸು ತಪ್ಪಿತಂತೆ.

"ಧಾರೆ ಆಯ್ತಾ ಮಗಾ?" ಏದುಸಿರು ಬಿಡುತ್ತಾ ಕೇಳಿದರು.

ಒಬ್ಬರು ಹೆಚ್ಚಾದರೆ ಕಟ್ಟಡ ಬೀಳುತ್ತದೆಯೇ? ಬೀಳುವುದಿಲ್ಲ, ನನಗೂ ಗೊತ್ತು. ಆದರೆ ಚಪ್ಪರದಲ್ಲಿ ಕೂತವರೆಲ್ಲ ಬೆಳಿಗ್ಗೆಯಿಂದ ನನಗೆ ಹೇಳಿದ್ದೂ ಅದೇ ಮಾತು.

"ಇನ್ನೂ ಇಲ್ಲೆ, ಈಗ ಆತ್ತ್. ಬೇಗ ಹತ್ತಿ" ಎಂದೆ. ಸ್ಟೂಲಿನ ಮೇಲೆ ಮತ್ತೆ ಕೂತೆ. ಮೇಲೆ ಓಲಗ ಜೋರಾಯಿತು. ನನ್ನ ಒಬ್ಬಳೇ ತಂಗಿಯ ಧಾರೆ, ನಾನು ನೋಡಲಿಲ್ಲ. ಅಕ್ಷತೆ ಕೈಯಲ್ಲೇ ಬೆವರಿ ಅಂಟಿತು.

ಸ್ವಲ್ಪ ಹೊತ್ತಿಗೆ ಅಪ್ಪಯ್ಯ ಇಳಿದು ಬಂದರು. ಧಾರೆ ಎರೆದ ಕೈ ಇನ್ನೂ ಒದ್ದೆ. ಆ ಕೈಯನ್ನೇ ನನ್ನ ತಲೆಯ ಮೇಲಿಟ್ಟರು.

"ನಿನ್ ತಂಗಿ ಮಂಟಪದಗೆ ನಿನ್ನೇ ಹುಡುಕ್ತಿತ್ತ್. ಅಕ್ಕ ಎಲ್ಲಿ ಅಂತ ಕೇಂತ್. ಎಲ್ರನ್ನೂ ಕಾಯ್ಕಂಡ್ ಕೆಳಗೆ ಕೂತಿತ್ ಅಂದೆ."

ನಾನು ಗೊಳೋ ಅಂತ ಅತ್ತುಬಿಟ್ಟೆ.