ಗ್ರಾಫಿನ ಹಿಂದೆ ನಿಂತ ಸೈರನ್

ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ಗ್ಯಾಸ್ ಸೋರಿದರೆ ಕೂಗಬೇಕಾದ ಸೈರನ್ ತಡವಾಗಿ ಕೂಗುತ್ತಿತ್ತು. ಕುಲುಮೆಯ ಮುಂದೆ ಕೆಲಸ ಮಾಡುವ ರಹಮತ್ ಸಾಬರು ನನ್ನನ್ನು ಕರೆಸಿದರು. ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಪ್ರೋಗ್ರಾಮಿಂಗ್ ಕಲಿತದ್ದು ಮೊಬೈಲಿನಲ್ಲಿ, ಜಗಳ ಕಲಿತದ್ದು ಕಾಗದನಗರದ ಬೀದಿಯಲ್ಲಿ.

ಸೈರನ್ ನಡೆಸುವ ಕೋಡ್ ತೆರೆದರೆ ಮೈ ಉರಿಯಿತು. ಕಂಪ್ಯೂಟರ್ ಒಂದೇ, ಅದರಲ್ಲಿ ಕೆಲಸ ಹಲವು. ಒಂದೊಂದು ಕೆಲಸವೂ ಒಂದೊಂದು ಥ್ರೆಡ್. ಯಾವುದು ಮೊದಲು ಎಂದು ಹೇಳುವುದು ಅದರ ಪ್ರಯಾರಿಟಿ. ಮಾಲೀಕರ ಕ್ಯಾಬಿನ್ನಿನ ಟಿವಿಯಲ್ಲಿ ಓಡುವ ಬಣ್ಣದ ಗ್ರಾಫಿಗೆ ಎಲ್ಲಕ್ಕಿಂತ ಮೇಲಿನ ಪ್ರಯಾರಿಟಿ ಕೊಟ್ಟಿದ್ದರು. ಗ್ಯಾಸ್ ನೋಡುವ ಥ್ರೆಡ್ಡಿಗೆ ಎಲ್ಲಕ್ಕಿಂತ ಕೆಳಗಿನದು.

“ಗ್ರಾಫ್ ತಡವರಿಸಬಾರದು ಅಂತ ನಾನೇ ಹೇಳಿ ಮಾಡಿಸಿದ್ದು,” ಎಂದರು ಮಾಲೀಕರು. “ಬರೆದವನು ಶಿವಮೊಗ್ಗದ ಇಂಜಿನಿಯರ್. ನೀನು ಏನು ಓದಿದ್ದೀಯ?”

“ಅವರು ಬರೆದಿದ್ದನ್ನ ಪೂರ್ತಿ ಓದಿದ್ದೀನಿ ಸಾರ್. ಈಗ ನೋಡಿ.”

ಲೈಟರ್ ಹೊತ್ತಿಸದೆ ಅದರ ಗ್ಯಾಸನ್ನಷ್ಟೇ ಸೆನ್ಸರಿಗೆ ಬಿಟ್ಟೆ. ಸಾಬರು ಗಟ್ಟಿಯಾಗಿ ಎಣಿಸಿದರು. ಹನ್ನೊಂದಕ್ಕೆ ಸೈರನ್ ಕೂಗಿತು.

“ಹನ್ನೊಂದು ಎಣಿಸೋಕೆ ನಾನು ಉಳಿದಿರ್ತೀನಾ ಮಾರಾಯ?” ಸಾಬರು ಕೇಳಿದ್ದು ನನ್ನನ್ನು, ನೋಡಿದ್ದು ಮಾಲೀಕರನ್ನು.

ಎರಡೇ ಸಾಲು ಬದಲಿಸಿ ಗ್ಯಾಸನ್ನು ಮೇಲಕ್ಕೆ, ಗ್ರಾಫನ್ನು ಕೆಳಕ್ಕೆ ಹಾಕಿದೆ. ಮತ್ತೆ ಲೈಟರ್ ಹಿಡಿದೆ. ಸಾಬರ ‘ಎರಡು’ ಬಾಯಲ್ಲೇ ಉಳಿಯಿತು. ಸೈರನ್ ಇಡೀ ಶೆಡ್ಡನ್ನು ನಡುಗಿಸಿತು. ಕುಲುಮೆಯ ಕಡೆಯಿಂದ ಶಿಳ್ಳೆಯ ಮೇಲೆ ಶಿಳ್ಳೆ ಬಿತ್ತು. ಮಾಲೀಕರು ಬದಲಾವಣೆಯ ಕಾಗದಕ್ಕೆ ಸಹಿ ಹಾಕಿದರು.

ಈಗ ಅವರ ಗ್ರಾಫ್ ಆಗಾಗ ನಿಂತು ನಿಂತು ಸಾಗುತ್ತದಂತೆ. ಮೊನ್ನೆ ಫೋನಿನಲ್ಲಿ ದೂರಿದರು. ಸ್ವಲ್ಪ ಕಾಯಿರಿ ಸಾರ್, ಗ್ರಾಫ್ ನೋಡುತ್ತಾ ಕಾದವರು ಯಾರೂ ಸತ್ತಿಲ್ಲ ಎಂದೆ.