ಅತ್ತಿ ಹೊಲಿದ ಸಿಪಿಯು ಕವರ್

ಬೆಳಿಗ್ಗೆ ಇನ್ವರ್ಟರ್ ಕಡೆಯಿಂದ ಕಾದ ಬಟ್ಟೆಯ ವಾಸನೆ ಬಂತು. ಈ ವಾಸನೆಯನ್ನು ನಾನು ಮರೆತಿಲ್ಲ.

ನಾನು ಸಣ್ಣವಳಿದ್ದಾಗ ಅಪ್ಪ ಗಂಗಾವತಿಯ ನಮ್ಮ ಮನೆಗೆ ಹಳೇ ಕಂಪ್ಯೂಟರ್ ತಂದಿದ್ದ. ಕುಷ್ಟಗಿಯಲ್ಲಿದ್ದ ಅತ್ತಿ, ಅಂದರೆ ಅಪ್ಪನ ಅಕ್ಕ, ಅದರ ಸಿಪಿಯುಗೆ ಜರಿ ಅಂಚಿನ ದಪ್ಪ ಕವರ್ ಹೊಲಿದು ಕೊಟ್ಟಳು. ಕಂಪ್ಯೂಟರ್ ಚಾಲೂ ಇದ್ದಾಗಲೂ ಅದನ್ನು ತೆಗೆಯುವಂತಿರಲಿಲ್ಲ.

ಕೆಲವೇ ದಿನಕ್ಕೆ ಕಂಪ್ಯೂಟರ್ ತಾನಾಗಿಯೇ ಬಂದ್ ಆಗತೊಡಗಿತು. ಅಪ್ಪ ಅದನ್ನು ಬಿಚ್ಚಿ, ನನ್ನ ರಬ್ಬರಿನಿಂದ ರ‍್ಯಾಮ್ ತಿಕ್ಕಿ, ಧೂಳು ಊದಿ ಮತ್ತೆ ಕೂಡಿಸಿದ. ಆದರೂ ನಿಂತುಹೋಯಿತು. ಆಗ ನಾನು ಕವರ್ ತೆಗೆದಿಟ್ಟೆ. ಅವತ್ತು ಸಂಜೆಯವರೆಗೂ ಒಮ್ಮೆಯೂ ಬಂದ್ ಆಗಲಿಲ್ಲ. ಅಪ್ಪ ಅದನ್ನು ಕಣ್ಣಾರೆ ಕಂಡ.

ಮರುದಿನ ಅತ್ತಿ ಬಂದಳು. "ಕವರ್ ಎಲ್ಲಿ ಹೋತು?"

"ಅದರಿಂದನ ಕಂಪ್ಯೂಟರ್ ಕಾಯ್ತೈತಿ ಅತ್ತಿ," ಎಂದೆ.

"ಕಣ್ಣು ಕೆಡಿಸ್ಕೊಂಡು ಹೊಲದೇನಿ. ನಿನ್ನ ಮಗಳ ಬಾಯಿ ನೋಡಪಾ."

ಅಪ್ಪ ಕವರ್ ತಂದು ಮತ್ತೆ ಹೊದಿಸಿದ.

ವಾರದೊಳಗೆ ಕಂಪ್ಯೂಟರ್ ಪೂರ್ತಿ ಸತ್ತಿತು. ಬಿಚ್ಚಿದರೆ ಮದರ್‌ಬೋರ್ಡಿನ ಕೆಪಾಸಿಟರುಗಳು ಕಾದು ತಲೆ ಊದಿ ಒಡೆದಿದ್ದವು. "ಗೇಮ್ ಆಡಿ ಆಡಿ ಸುಟ್ಟಿ," ಎಂದು ಅಪ್ಪ ಅತ್ತಿಯ ಮುಂದೆಯೇ ನನ್ನನ್ನು ಹೊಡೆದ. ಗೇಮ್ ಆಡಿದ್ದು ಖರೆ. ಸುಟ್ಟಿದ್ದು ನಾನಲ್ಲ ಅಂತ ಅವನಿಗೂ ಗೊತ್ತಿತ್ತು.

ಮುಂದೆ ನಾನು ಸಾಲಿ ಬಿಟ್ಟಾಗ ಅತ್ತಿ ಊರಿಗೆಲ್ಲ ಹೇಳಿದಳು, "ಕಂಪ್ಯೂಟರ್ ಸುಟ್ಟಾಕಿ, ಇನ್ನೇನು ಕಲೀತಾಳ?" ಕವರಿನ ಮಾತನ್ನು ಅಪ್ಪ ಆಗಲೂ ಎತ್ತಲಿಲ್ಲ.

ಈಗ ಅದೇ ಕವರ್ ಇನ್ವರ್ಟರ್ ಮೇಲಿದೆ. ತೆಗೆದು ಅಪ್ಪನ ಕೈಗೆ ಕೊಟ್ಟೆ.

"ನಾಳೆ ನಿಮ್ಮತ್ತಿ ಬರ್ತಾಳ," ಎಂದು ಮತ್ತೆ ಹೊದಿಸಿದ.

ಸುಡಲಿ. ಇನ್ವರ್ಟರಿನಲ್ಲಿ ಯಾರು ಗೇಮ್ ಆಡಿದರು ಅಂತ ಈ ಸಲ ಇಬ್ಬರನ್ನೂ ಕೂಡಿಸಿ ಕೇಳುತ್ತೇನೆ.